ಹೇಳದೆ ತಿರುಗಿಸಿದ ಎರಡು ಸುತ್ತು

ಗ್ಯಾರೇಜಿನ ಮೇಸ್ತ್ರಿಯ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಒಂದು ದೂರಿನ ರೂಪದಲ್ಲಿ. ಹೊಲಿದ ಸೀಟಿನ ಕವರುಗಳನ್ನು ಬೀದಿಯ ತುದಿಯ ಗ್ಯಾರೇಜಿಗೆ ಕೊಟ್ಟು ಬರಲು ಹೋದ ನನ್ನ ತಂಗಿ ಕಾಲು ಗಂಟೆಯಲ್ಲೇ ಮುಖ ಕೆಂಪಗೆ ಮಾಡಿಕೊಂಡು ವಾಪಸು ಬಂದು, ಚಪ್ಪಲಿಯನ್ನೂ ಬಿಡದೆ ಅಂಗಡಿಯ ನಡುವೆ ನಿಂತಳು.

"ಅಕ್ಕಾ, ಅಲ್ಲಿಗೆ ಯಾವನೋ ಹೊಸಬ ಬಂದಿದಾನೆ. ಹೆಸರು ಕೇಳ್ಲಿಲ್ಲ, ಏನು ಬೇಕಿತ್ತು ಅಂತ ಕೇಳ್ಲಿಲ್ಲ. ಮೇಲಿಂದ ಕೆಳಗೆ ನೋಡಿ, ತೂಕ ಎಷ್ಟಮ್ಮಾ ಅಂದ!"

"ನೀನೇನಂದೆ?"

"ನಿಮ್ಮಪ್ಪನ್ನ ಕೇಳು ಅಂದೆ. ಅದಕ್ಕೆ, ಎಪ್ಪತ್ತೆರಡು ಇರಬಹುದು, ನಮಗಾಗಲ್ಲ ಅಂದ. ಆಗಲ್ವಂತೆ! ನಾನೇನು ಇವನ ತಕ್ಕಡಿಗೆ ಬಂದ ಕುಂಬಳಕಾಯಾ?"

ಎಪ್ಪತ್ತೆರಡು ಎಂಬುದು ಸರಿಯಾಗಿಯೇ ಇತ್ತು. ಅವಳ ಕೋಪದಲ್ಲಿ ಅರ್ಧ ಅದಕ್ಕೇ.

ಮರುದಿನ ನಾನೇ ಹೋದೆ, ಜಗಳಕ್ಕೆಂದೇ. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಂಟಿ ಹೆಂಗಸಿನ ಅಂಗಡಿಯೆಂದು ಯಾರೂ ಹಗುರವಾಗಿ ಮಾತಾಡಬಾರದೆಂದು ಕತ್ತರಿಯ ಜೊತೆಗೇ ನಾಲಿಗೆಯನ್ನೂ ಸಾಣೆ ಹಿಡಿಸಿಟ್ಟುಕೊಂಡಿದ್ದ ಕಾಲ ಅದು. ಆ ಗ್ಯಾರೇಜಿಗೆ ಬರುತ್ತಿದ್ದವು ನಾಲ್ಕು ಚಕ್ರದ ಬೈಕುಗಳು. ಕ್ವಾಡ್ ಎನ್ನುತ್ತಾರೆ. ಊರಾಚೆಯ ಮಣ್ಣಿನ ದಿಬ್ಬಗಳ ಮೇಲೆ ಪಂದ್ಯಕ್ಕೆ ಓಡಿಸಿ, ಹಾರಿಸಿ, ಬೀಳಿಸುವಂಥವು. ಮೈ ತೆಳ್ಳಗೆ, ಕಾಲು ಅಗಲಕ್ಕೆ ಚಾಚಿ ನಿಂತ ಜೇಡದ ಹಾಗೆ. ಅಂಥದ್ದೊಂದರ ಹಿಂಬದಿಗೆ ಕುಕ್ಕರಗಾಲಲ್ಲಿ ಕೂತು, ನೀಲಿ ಕೋಟು ಹಾಕಿಕೊಂಡ ಒಬ್ಬ ನರೆತ ಮನುಷ್ಯ ಸಣ್ಣ ಸ್ಕ್ರೂಡ್ರೈವರಿನಿಂದ ಏನನ್ನೋ ತಿರುಗಿಸುತ್ತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು.

"ರೀ" ಎಂದೆ.

ತಲೆಯೆತ್ತದೆ ಎಡಗೈಯ ಒಂದು ಬೆರಳನ್ನು ಮೇಲಕ್ಕೆತ್ತಿದರು.

"ರೀ, ನಿಮ್ಮನ್ನೇ ಕರೀತಿರೋದು."

ಅವರು ನಿಟ್ಟುಸಿರು ಬಿಟ್ಟು ಆ ತಿರುಪನ್ನು ಕೊನೆಯವರೆಗೂ ಒಳಕ್ಕೆ ತಿರುಗಿಸಿ ನಿಲ್ಲಿಸಿದರು. "ಏಳನೇ ಟಿಕ್ಕಿನಲ್ಲಿದ್ದೆ. ಇನ್ನು ಮೊದಲಿಂದ" ಎಂದರು. ಗದರಿಕೆಯೂ ಇಲ್ಲ, ಬೇಸರವೂ ಇಲ್ಲ. ಮತ್ತೆ ಒಂದರಿಂದ ಎಣಿಸತೊಡಗಿದರು. ಅವರು ಹನ್ನೆರಡು ಮುಟ್ಟುವ ಹೊತ್ತಿಗೆ ನನ್ನ ಜಗಳ ತಣ್ಣಗಾಗಿ, ಅದನ್ನು ಯಾವ ಮಾತಿನಿಂದ ಶುರುಮಾಡಬೇಕೆಂದುಕೊಂಡಿದ್ದೆನೆಂಬುದೂ ಮರೆತುಹೋಗಿತ್ತು. ಆಮೇಲೆ ಅವರು ಎದ್ದು, ಕೈ ಒರೆಸಿಕೊಂಡು, ನನ್ನ ಮುಖವನ್ನಲ್ಲ, ನಾನು ನಿಂತ ರೀತಿಯನ್ನು ನೋಡಿದರು.

"ಐವತ್ತೆಂಟು" ಎಂದರು. ಸರಿಯಾಗಿ ಐವತ್ತೆಂಟೇ. ಆಮೇಲೆ, ಬಾಯಾರಿದವರು ಬಾಗಿಲಲ್ಲಿ ನಿಂತು ನೀರು ಕೇಳುವ ದನಿಯಲ್ಲಿ, "ಒಂದು ಸಲ ಬೈಕಿನ ಮೇಲೆ ಕೂತ್ಕೊಳ್ತೀರಾ?" ಎಂದು ಕೇಳಿದರು.

ಬೈದು ಬರುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು, "ಈ ಉಡುಗೆಯಲ್ಲಿ ಹೇಗೆ ಕೂರೋದು?" ಎಂದುಬಿಟ್ಟೆ.

ಭಾನುವಾರ ಮಧ್ಯಾಹ್ನ, ಪಕ್ಕದ ವೆಲ್ಡಿಂಗ್ ಶಾಪಿನ ಸದ್ದು ನಿಂತ ಮೇಲೆ, ಟ್ರಂಕಿನ ತಳದಿಂದ ನನ್ನ ಗಂಡನ ಹಳೆಯ ಪ್ಯಾಂಟನ್ನು ತೆಗೆದು, ಸೊಂಟದಲ್ಲಿ ಒಳಕ್ಕೆ ಹಿಡಿದು ಹೊಲಿಗೆ ಹಾಕಿ ತೊಟ್ಟುಕೊಂಡು ಹೋದೆ. ವೆಲ್ಡರನ ಹೆಂಡತಿ ಜಗಲಿಯಿಂದಲೇ ಕೂಗಿದಳು. "ಏನ್ರೀ ಟೈಲರಮ್ಮ, ಈ ವಯಸ್ಸಲ್ಲಿ ರೇಸಾ?"

"ಹೂಂ ಕಣೆ. ಹಿಂದುಗಡೆ ಒಂದು ಸೀಟು ಖಾಲಿ ಇದೆ, ನಿಮ್ಮ ಯಜಮಾನ್ರನ್ನ ಕಳಿಸು."

ಗ್ಯಾರೇಜಿನ ಒಳಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಬೈಕೊಂದನ್ನು ಮೇಸ್ತ್ರಿ ಹೊರಗೆಳೆದಿದ್ದರು. ಉಳಿದವುಗಳ ಹಾಗೆ ಅದರಲ್ಲಿ ಕೆಸರಿರಲಿಲ್ಲ. ಟೈರಿನ ಸಂದಿಯಲ್ಲೂ ಧೂಳಿರಲಿಲ್ಲ. ಒಂದು ಹೆಲ್ಮೆಟ್ಟನ್ನೂ ಮೊಣಕಾಲೆತ್ತರದ ಬೂಟುಗಳನ್ನೂ ಕೊಟ್ಟರು. ಎರಡೂ ಹೆಂಗಸಿನ ಅಳತೆಯವು. "ಬೂಟು ಹಾಕದೆ ಅಳೆದರೆ ಸುಳ್ಳಾಗುತ್ತೆ" ಎಂದರು.

"ಯಾರ ಬೈಕು ಇದು?"

"ಮಗಳದು."

"ಎಲ್ಲಿದಾಳೆ?"

"ದೂರ." ಟೇಪನ್ನು ಎಳೆದರು. "ಅವಳೂ ಐವತ್ತೆಂಟು. ಬಂದ ದಿವಸ ಅವಳಿಗೆ ಸರಿಯಾಗಿ ಸಿಗಬೇಕು."

ಇಷ್ಟೇ ನನಗೆ ಮೊದಲ ದಿನ ತಿಳಿದದ್ದು. ಆಮೇಲಿನ ಹನ್ನೊಂದು ವರ್ಷ, ತಿಂಗಳ ಮೊದಲ ಭಾನುವಾರ, ನಾನು ನೋಡಿಲ್ಲದ ಒಂದು ಹೆಣ್ಣುಮಗಳ ಭಾರವಾಗಿ ಆ ಸೀಟಿನ ಮೇಲೆ ಕೂತೆ.

ಅವರ ಕೆಲಸ ಏನೆಂಬುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಈ ಬೈಕಿಗೆ ಮುಂದೆ ಎರಡು, ಹಿಂದೆ ಒಂದು ಶಾಕ್ ಅಬ್ಸಾರ್ಬರು. ಒಂದೊಂದಕ್ಕೂ ಹೊರಗೆ ದಪ್ಪ ಸ್ಪ್ರಿಂಗು, ಒಳಗೆ ಎಣ್ಣೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ. ಎಣ್ಣೆ ಅದರ ಆತುರವನ್ನು ತಡೆಯುತ್ತದೆ. ಸ್ಪ್ರಿಂಗಿನ ತಲೆಯ ಮೇಲೆ ತಿರುಗುವ ಒಂದು ಬಳೆಯಿದೆ. ಅದನ್ನು ಕೊಕ್ಕೆಯ ಸ್ಪ್ಯಾನರಿನಿಂದ ತಿರುಗಿಸಿದರೆ ಸ್ಪ್ರಿಂಗು ಬಿಗಿಯೋ ಸಡಿಲವೋ ಆಗುತ್ತದೆ. ಎಣ್ಣೆ ಹರಿಯುವ ದಾರಿಗೆ ಮೇಲೊಂದು ಕೆಳಗೊಂದು ಸಣ್ಣ ತಿರುಪು. ಮೇಲಿನದು ಬೈಕು ಕುಸಿಯುವ ವೇಗಕ್ಕೆ, ಕೆಳಗಿನದು ಕುಸಿದದ್ದು ಏಳುವ ವೇಗಕ್ಕೆ. ಅವು ತಿರುಗುವಾಗ ಕಿವಿಗೆ ಕೇಳಿಯೂ ಕೇಳದ ಹಾಗೆ ಟಿಕ್, ಟಿಕ್ ಎನ್ನುತ್ತವೆ. ನಾನು ಹತ್ತಿ ಕೂತು, ಕಾಲನ್ನು ಫುಟ್‌ರೆಸ್ಟಿನ ಮೇಲಿಟ್ಟು, ಮೂರು ಸಲ ಮೈಯನ್ನು ಕುಲುಕಿ ಸುಮ್ಮನಾಗಬೇಕು. ಆಗ ಬೈಕು ಎಷ್ಟು ಇಳಿಯಿತೆಂದು ಅವರು ಅಳೆಯುತ್ತಾರೆ. ಹತ್ತು ಬೆರಳು ಇಳಿಯಬಲ್ಲದ್ದು ನನ್ನ ಭಾರಕ್ಕೆ ಮೂರು ಬೆರಳು ಇಳಿದು ನಿಲ್ಲಬೇಕು. ಹೆಚ್ಚು ಇಳಿದರೆ ದಿಬ್ಬದಿಂದ ಬಿದ್ದಾಗ ತಳ ಬಡಿಯುತ್ತದೆ. ಇಳಿಯದೆ ಬಿಗಿದುಕೊಂಡಿದ್ದರೆ ಕೂತವರನ್ನು ಒದೆಯುತ್ತದೆ.

"ಉಸಿರು ಬಿಡಿ. ಉಸಿರು ಹಿಡ್ಕೊಂಡರೆ ಅಳತೆ ಬರಲ್ಲ" ಎನ್ನುತ್ತಿದ್ದರು ಪ್ರತಿ ಸಲವೂ. ಉಸಿರಿಗೆ ತೂಕವಿದೆಯೇ ಎಂದು ನಾನು ಕೇಳಲಿಲ್ಲ. ನಾನು ಉಸಿರು ಹಿಡಿದುಕೊಂಡಿರುತ್ತಿದ್ದೆನೆಂಬುದು ಅವರಿಗೆ ಹೇಗೋ ತಿಳಿಯುತ್ತಿತ್ತು.

ಅವರ ನಡಿಗೆಯೇ ಒಂದು ನೋಟ. ಹೆಜ್ಜೆಯನ್ನು ಇಟ್ಟ ತಕ್ಷಣ ಮೈಭಾರವನ್ನು ಬಿಡುತ್ತಿರಲಿಲ್ಲ. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲಿನ ಸಣ್ಣದೊಂದು ಬಾಗು, ನೆಲ ಎಷ್ಟು ತಾಳುತ್ತದೆಂದು ನೋಡಿಕೊಂಡು ಉಳಿದ ಭಾರ. ದೂರದಿಂದ ನೋಡಿದವರಿಗೆ ದೋಣಿಯಿಂದ ಈಗಷ್ಟೇ ಇಳಿದವರಂತೆ ಕಾಣುತ್ತಿದ್ದರು. ಬೀದಿಯ ಜನ ಅವರಿಗೆ 'ಅದುಮಪ್ಪ' ಎಂದು ಅಡ್ಡಹೆಸರಿಟ್ಟಿದ್ದರು, ಏಕೆಂದರೆ ಏನನ್ನು ಕಂಡರೂ ಅಂಗೈಯಿಂದ ಅದುಮಿ, ಅದು ಹೇಗೆ ಏಳುತ್ತದೆಂದು ನೋಡದೆ ಬಿಡುತ್ತಿರಲಿಲ್ಲ. ಟೀ ಅಂಗಡಿಯ ಬೆಂಚು, ಬ್ಯಾಂಕಿನ ಕುರ್ಚಿ, ಡಾಕ್ಟರ ಕೋಣೆಯ ಹಾಸಿಗೆ, ಬೇಕರಿಯಲ್ಲಿ ಬಿಸಿ ಬನ್ನು. ಬೇಕರಿಯವನು ಒಮ್ಮೆ ಕೈ ಹಿಡಿದುಕೊಂಡೇ ಕೇಳಿದ್ದನಂತೆ: "ಸ್ವಾಮಿ, ಇದಕ್ಕೂ ಎಣ್ಣೆ ಹಾಕ್ತೀರಾ?" ಮೇಸ್ತ್ರಿ ಗಂಭೀರವಾಗಿ, "ಬೇಡ. ನಿಧಾನವಾಗಿ ಏಳ್ತಿದೆ. ಚೆನ್ನಾಗಿದೆ" ಎಂದು ಹೇಳಿ ಎರಡು ಬನ್ನು ತಂದಿದ್ದರು.

ಆ ನೀಲಿ ಕೋಟಿನ ಬಲಜೇಬನ್ನು ನಾನು ಎಷ್ಟು ಸಲ ಹೊಲಿದೆನೋ ನೆನಪಿಲ್ಲ. ಕೊಕ್ಕೆಯ ಸ್ಪ್ಯಾನರನ್ನು ಅದರಲ್ಲೇ ತುರುಕುತ್ತಿದ್ದರು. ಕೊಕ್ಕೆ ಜೇಬಿನ ತಳವನ್ನು ಹರಿಯುತ್ತಿತ್ತು. ಕೊನೆಗೆ ಸೀಟಿಗೆ ಹಾಕುವ ದಪ್ಪ ರೆಕ್ಸಿನ್ನನ್ನೇ ಕತ್ತರಿಸಿ ಒಳಗೆ ಕೊಟ್ಟೆ. ಮೂರು ದಿನ ಬಿಟ್ಟು ಬಂದು, "ಟೈಲರಮ್ಮ, ಇದು ಬಹಳ ಬಿಗಿ. ಕೈ ಹೋಗಲ್ಲ" ಎಂದರು. "ಹರಿದರೂ ಕಷ್ಟ, ಹರೀದಿದ್ರೂ ಕಷ್ಟ. ನಿಮಗೆ ಜೇಬೇ ಹೊಲಿದುಬಿಡ್ತೀನಿ ನೋಡಿ" ಎಂದು ಗದರಿದೆ. ಅವರು ನಗಲಿಲ್ಲ. ನನ್ನ ಹೊಲಿಗೆ ಯಂತ್ರದ ಬಳಿ ಬಗ್ಗಿ, ನೂಲಿನ ಬಿಗಿತಕ್ಕಿರುವ ಚಿಕ್ಕ ಗುಬುಟನ್ನು ಬೆರಳಿಂದ ತೋರಿಸಿ, "ಇದನ್ನು ಎಷ್ಟು ತಿರುಗಿಸ್ತೀರಿ?" ಎಂದು ಕೇಳಿದರು.

"ಬಟ್ಟೆ ನೋಡ್ಕೊಂಡು. ಅರ್ಧ ಸುತ್ತು. ಕೆಲವು ಸಲ ಅದರಲ್ಲೂ ಅರ್ಧ."

"ತಿರುಗಿಸಿ?"

"ಚೂರು ಬಟ್ಟೆಯ ಮೇಲೆ ಹೊಲಿದು ನೋಡ್ತೀನಿ."

"ಮೇಲಿನ ನೂಲು, ಕೆಳಗಿನ ನೂಲು ಎರಡನ್ನೂ ಒಟ್ಟಿಗೆ ಬದಲಾಯಿಸಲ್ಲ, ಅಲ್ವಾ?"

"ಅಯ್ಯೋ, ಹಾಗೆ ಮಾಡಿದ್ರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗೋದು ಹೇಗೆ?"

ಆಗ ಅವರು ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ನಾನು ಈಗಲೂ ಬಿಚ್ಚಿ ನೋಡುತ್ತೇನೆ. ಪರದೇಶದಲ್ಲಿ ಬಹಳ ಕಾಲ ಇದ್ದವನಿಗೆ ಸಂತೆಯಲ್ಲಿ ಯಾರೋ ತನ್ನ ಭಾಷೆ ಆಡಿದ್ದು ಕೇಳಿದ ಹಾಗೆ. "ಒಂದು ಸಲಕ್ಕೆ ಒಂದೇ" ಎಂದರು. ಅದು ಅವರ ಪಲ್ಲವಿ. ಒಂದು ಸಲಕ್ಕೆ ಒಂದೇ ಬದಲಾವಣೆ; ಮಾಡಿದ್ದನ್ನು ಸೀಮೆಸುಣ್ಣದಿಂದ ಟ್ಯಾಂಕಿನ ಮೇಲೆ ಬರೆಯಬೇಕು; ಓಡಿಸುವವರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದೆ ಒಂದು ಟಿಕ್ಕೂ ಮುಟ್ಟಬಾರದು. ಒಮ್ಮೆ ಒಬ್ಬ ಸಾಹುಕಾರರ ಮಗ ಬಂದು, ಬೈಕು ಎತ್ತರವಾಗಿ ಬಿಗಿಯಾಗಿ ನಿಲ್ಲಬೇಕು, ಫೋಟೋದಲ್ಲಿ ಚೆಂದ ಕಾಣಬೇಕು ಎಂದಾಗ, ಮೇಸ್ತ್ರಿ ಗ್ಯಾರೇಜಿನ ಮೂಲೆಯ ಮರದ ಸ್ಟೂಲನ್ನು ಅವನ ಮುಂದೆ ಇಟ್ಟು, "ಇದು ಎಲ್ಲಕ್ಕಿಂತ ಬಿಗಿ. ತಗೊಂಡು ಹೋಗಿ" ಎಂದಿದ್ದರು.

ಒಂದು ವಿಷಯ ಮಾತ್ರ ನನಗೆ ಬಹಳ ದಿನ ಅರ್ಥವಾಗಲಿಲ್ಲ. ಬಟ್ಟೆ ಹೊದ್ದು ನಿಂತ ಬೈಕಿನ ಸ್ಪ್ರಿಂಗು ತಿಂಗಳೊಪ್ಪತ್ತಿನಲ್ಲಿ ಬದಲಾಗುವುದಾದರೂ ಏನು? ಪ್ರತಿ ಸಲ ಅದೇ ಮೂರು ಬೆರಳು, ಅದೇ ಟಿಕ್ಕುಗಳು. ಅಳೆದು ಮುಗಿದ ಮೇಲೆ ಅವರು ಒಂದು ಅಂಚೆ ಕಾರ್ಡು ತೆಗೆದು, ದಪ್ಪ ಪೆನ್ಸಿಲಿನಿಂದ ಬರೆದು, "ಹೋಗ್ತಾ ಡಬ್ಬಿಗೆ ಹಾಕ್ಬಿಡಿ" ಎಂದು ನನ್ನ ಕೈಗೆ ಕೊಡುತ್ತಿದ್ದರು. ಅಂಚೆ ಡಬ್ಬಿ ನನ್ನ ಅಂಗಡಿಯ ಎದುರಿಗೇ ಇತ್ತು. ಕಾರ್ಡಿನಲ್ಲಿ ಮಗಳ ವಿಳಾಸ, ಮೂಲೆಯಲ್ಲಿ ಈ ಗ್ಯಾರೇಜಿನದು. ಇನ್ನೊಂದು ಬದಿಯಲ್ಲಿ ಇಷ್ಟೇ: 'ಮುಂದೆ ಹನ್ನೆರಡು. ಹಿಂದೆ ಮೇಲೆ ಒಂಬತ್ತು, ಕೆಳಗೆ ಹದಿನಾಲ್ಕು. ಬಳೆ ಇದ್ದಲ್ಲೇ ಇದೆ.' ಕ್ಷೇಮವೇ ಎಂದಿಲ್ಲ, ಬಾ ಎಂದಿಲ್ಲ, ಅಪ್ಪ ಎಂದು ಕೆಳಗೆ ಬರೆದೂ ಇಲ್ಲ. ಉತ್ತರ ಒಮ್ಮೆಯೂ ಬರಲಿಲ್ಲ.

"ಒಂದು ಮಾತು ಬರೀಬಾರದಾ ಮೇಸ್ತ್ರಿ? ಮಗಳಲ್ವಾ?"

"ಬರೆದಿದೀನಲ್ಲ."

ನಾನು ಡಬ್ಬಿಗೆ ಹಾಕುತ್ತಿದ್ದೆ. ಹಾಕಿ ಬಂದು, ಪ್ಯಾಂಟು ಬಿಚ್ಚಿ ಮಡಿಸಿ, ಮುಂದಿನ ತಿಂಗಳ ಭಾನುವಾರವನ್ನು ಕಾಯುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುವ ವಯಸ್ಸು ದಾಟಿದ್ದೇನೆ. ಗಂಡ ಹೋದ ಮೇಲೆ ಮಂಚದ ಒಂದು ಬದಿ ಇಳಿಯುವುದು ನಿಂತಿತ್ತು. ಇನ್ನೊಂದು ಬದಿ ಇಳಿಯುತ್ತದೋ ಇಲ್ಲವೋ ಎಂದು ನೋಡುವವರೂ ಇರಲಿಲ್ಲ. ಇಲ್ಲೊಬ್ಬರು ಮಂಡಿಯೂರಿ, ಕಣ್ಣು ಕಿರಿದು ಮಾಡಿಕೊಂಡು, ನಾನು ಈ ಭೂಮಿಯ ಮೇಲೆ ಎಷ್ಟು ಭಾರ ಬಿದ್ದಿದ್ದೇನೆಂದು ಕೂದಲೆಳೆ ತಪ್ಪದೆ ಅಳೆಯುತ್ತಿದ್ದರು. ಅದು ನನಗಾಗಿ ಅಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಆ ಹತ್ತು ನಿಮಿಷ ನನ್ನದೇ ಅನ್ನಿಸುತ್ತಿತ್ತು.

ಎಂಟನೆಯ ವರ್ಷ ನನಗೆ ಜ್ವರ ಬಂದು, ಬಿಟ್ಟು, ಮತ್ತೆ ಬಂದು, ಮೈ ಇಳಿಯಿತು. ಔಷಧಿ ಅಂಗಡಿಯ ತೂಕದ ಯಂತ್ರ ಐವತ್ತೆರಡು ತೋರಿಸಿತು. ಆರು ಕಿಲೋ! ಜ್ವರಕ್ಕೆ ಹೆದರದವಳು ಇದಕ್ಕೆ ಹೆದರಿದೆ. ಐವತ್ತೆಂಟರ ಇನ್ನೊಬ್ಬಳು ಊರಲ್ಲಿ ಸಿಗದೆ ಇರುತ್ತಾಳೆಯೇ? ನಮ್ಮ ಬೀದಿಯ ಟೈರ್ ಅಂಗಡಿಯವನ ಅತ್ತಿಗೆಯೇ ಇದ್ದಳು. ಪರದೆಗಳ ಅಂಚು ನೆಟ್ಟಗೆ ನಿಲ್ಲಲೆಂದು ಒಳಗೆ ಹೊಲಿಯುವ ಸೀಸದ ತುಂಡುಗಳು ನನ್ನ ಬಳಿ ಒಂದು ಡಬ್ಬಿ ಇದ್ದವು. ಕ್ಯಾನ್ವಾಸಿನ ಪಟ್ಟಿಗೆ ಸಾಲಾಗಿ ಚೀಲ ಹೊಲಿದು, ಆರು ಕಿಲೋ ಸೀಸ ತುಂಬಿ, ಸೊಂಟಕ್ಕೆ ಸುತ್ತಿ, ಮೇಲೆ ಸಡಿಲ ಅಂಗಿ ಹಾಕಿಕೊಂಡು ಹೋದೆ. ಅಳತೆ ಮೂರು ಬೆರಳೇ ಬಂತು. ನಾಲ್ಕು ಭಾನುವಾರ ಹೀಗೆ ನಡೆಯಿತು.

ಐದನೆಯದರಲ್ಲಿ ನಾನು ಹತ್ತಲು ಕಾಲೆತ್ತಿದಾಗ ಮೇಸ್ತ್ರಿ ಟೇಪನ್ನು ನೆಲಕ್ಕಿಟ್ಟರು.

"ಆ ಸೀಸ ತೆಗೆದಿಡಿ, ಟೈಲರಮ್ಮ. ಸೊಂಟ ನೋಯುತ್ತೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ತೂಕ ಸರಿ ಇರ್ಲಿಲ್ವಾ?"

"ತೂಕ ಸರಿಯಾಗೇ ಇತ್ತು."

"ಮತ್ತೆ ಹೇಗೆ ಗೊತ್ತಾಯ್ತು?"

"ಹತ್ತೋವಾಗ ಕಟಕಟ ಅಂತೀರಿ." ನೆಲದ ಟೇಪನ್ನು ಸುತ್ತಿಡುತ್ತ, "ನಾಲ್ಕು ತಿಂಗಳಿಂದ" ಎಂದರು.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ?"

ಅವರು ಸ್ಟೂಲನ್ನು ಎಳೆದುಕೊಂಡು ಕೂತರು. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. "ಹೇಳದೆ ಮಾಡಿದವರನ್ನ ಬೈಯೋ ಯೋಗ್ಯತೆ ನನಗಿಲ್ಲ" ಎಂದರು. ಆಮೇಲೆ ನೆಲ ನೋಡುತ್ತ ಎಲ್ಲವನ್ನೂ ಹೇಳಿದರು.

ಮಗಳು ಒಳ್ಳೆಯ ಪಂದ್ಯಗಾತಿ. ತಾಯಿ ಇಲ್ಲದ ಹುಡುಗಿ, ಅವರ ಹಳೆಯ ಊರಿನ ಗ್ಯಾರೇಜಿನಲ್ಲೇ ಬೆಳೆದವಳು. ಬೈಕು ಮೆದುವಾಗಿರಬೇಕು, ನೆಲ ತನಗೆ ತಿಳಿಯಬೇಕು ಎನ್ನುತ್ತಿದ್ದಳು. ಆ ವರ್ಷದ ದೊಡ್ಡ ಪಂದ್ಯದಲ್ಲಿ ಹೊಸದೊಂದು ದಿಬ್ಬ ಕಟ್ಟಿದ್ದರು, ಬಹಳ ಎತ್ತರ. ಅಪ್ಪ ಅದನ್ನು ಸುತ್ತಿ ನೋಡಿ, ಇಷ್ಟು ಮೆದುವಾದರೆ ತಳ ಬಡಿದೀತು, ಹಿಂದಿನ ಸ್ಪ್ರಿಂಗು ಬಿಗಿ ಮಾಡೋಣ ಎಂದರು. ಅವಳು ಒಪ್ಪಲಿಲ್ಲ. "ಓಡಿಸೋಳು ನಾನಪ್ಪಾ" ಎಂದಳು. ಅವಳು ಊಟಕ್ಕೆ ಹೋದಾಗ ಅಪ್ಪ ಕೊಕ್ಕೆಯ ಸ್ಪ್ಯಾನರು ತೆಗೆದು ಬಳೆಯನ್ನು ಎರಡು ಸುತ್ತು ಬಿಗಿದರು.

"ಬಳೆ ಬಿಗಿದರೆ ಕೆಳಗಿನ ತಿರುಪನ್ನೂ ಬಿಗೀಬೇಕು, ಟೈಲರಮ್ಮ. ಬಿಗಿಯಾದ ಸ್ಪ್ರಿಂಗು ರಭಸದಿಂದ ಏಳುತ್ತೆ, ತಡೀಬೇಕು. ಕಸುಬು ಕಲಿಯೋಕೆ ಬಂದವರಿಗೂ ಗೊತ್ತು ಇದು. ಆದರೆ ಅವಳು ಪ್ರತಿ ಸಲ ಹತ್ತೋ ಮುಂಚೆ ತಿರುಪುಗಳನ್ನ ತಾನೇ ಎಣಿಸೋಳು. ನಾನೇ ಕಲಿಸಿದ್ದು. ತಿರುಪು ಮುಟ್ಟಿದ್ರೆ ಗೊತ್ತಾಗ್ತಿತ್ತು. ಬಳೆ ಅವಳು ನೋಡ್ತಿರ್ಲಿಲ್ಲ."

ಕಾಣದ್ದನ್ನು ಮುಟ್ಟಿದರು, ಕಾಣುವುದನ್ನು ಬಿಟ್ಟರು. ದಿಬ್ಬದಿಂದ ಇಳಿದ ಬೈಕು ಕುಸಿಯಿತು, ತಳ ಬಡಿಯಲಿಲ್ಲ. ಆದರೆ ಅದೇ ರಭಸದಲ್ಲಿ ಎದ್ದು ಹಿಂಬದಿಯಿಂದ ಒದ್ದು ಅವಳನ್ನು ಹ್ಯಾಂಡಲಿನ ಮೇಲಿಂದ ಎಸೆಯಿತು. ಭುಜ ಮುರಿಯಿತು. ಅದೂ ಕೂಡಿಕೊಳ್ಳುತ್ತಿತ್ತೇನೋ. ಮೂರನೆಯ ವಾರ ತೋಳು ಕಟ್ಟಿಕೊಂಡೇ ಗ್ಯಾರೇಜಿಗೆ ಬಂದವಳು ಬೈಕಿನ ಹಿಂದೆ ಕೂತು ನೋಡಿದಳು. ಬಿಗಿದಾಗ ಬಳೆ ಕೆಳಕ್ಕೆ ಇಳಿದಿತ್ತು; ಅದು ಮೊದಲು ಮುಚ್ಚಿದ್ದ ಜಾಗದಲ್ಲಿ ಎರಡು ಸುತ್ತು ತಿರುಪಿನ ಗೆರೆ ಧೂಳಿಲ್ಲದೆ ಫಳಫಳ ಹೊಳೆಯುತ್ತಿತ್ತು.

"ಏನಂದಳು?"

"ಕೇಳಿದ್ದಿದ್ರೆ ಒಪ್ತಿದ್ದೆನೇನೋ ಅಂದಳು. ಅಷ್ಟೇ. ಬಳೆ ಎರಡು ಸುತ್ತು ವಾಪಸು ತಿರುಗಿಸಿಟ್ಟು, ಮಾರನೇ ದಿವಸ ಹೋದಳು."

ಆಗ ನನಗೆ ಆ ಕಾರ್ಡುಗಳು ಅರ್ಥವಾದವು. ಹೇಳಬೇಕಾದಾಗ ಹೇಳದವನು, ಹೇಳಲು ಏನೂ ಇಲ್ಲದಾಗಲೂ ತಿಂಗಳು ತಿಂಗಳೂ ಹೇಳುತ್ತಿದ್ದ: ಮುಟ್ಟಿಲ್ಲ, ನೀನು ಬಿಟ್ಟ ಹಾಗೇ ಇದೆ, ಎಣಿಸಿ ನೋಡು. ಅವಳೊಮ್ಮೆ ಬಂದು ಅದರ ಮೇಲೆ ಕೂರಬೇಕು. ಓಡಿಸುವುದೂ ಬೇಡ. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಮೇಸ್ತ್ರಿ ಎದ್ದು ಒಂದು ಸಣ್ಣ ಮರಳುಚೀಲ ತಂದು ಸೀಟಿನ ಮುಂಭಾಗಕ್ಕೆ ಕಟ್ಟಿದರು. "ಇದು ಆರು. ಉಳಿದದ್ದು ನೀವು" ಎಂದರು. ಟೈರಿನವನ ಅತ್ತಿಗೆಯ ಮಾತೇ ಏಳಲಿಲ್ಲ.

ಹತ್ತನೆಯ ವರ್ಷ ಅವರ ಬೆರಳುಗಳು ಮರಗಟ್ಟತೊಡಗಿದವು. ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ನಡುಗುವುದಿಲ್ಲ, ನೋಯುವುದಿಲ್ಲ, ತಿಳಿಯುವುದಿಲ್ಲ, ಅಷ್ಟೇ. ಗಿರಾಕಿಗಳು ಕಡಿಮೆಯಾದರು, ಏಕೆಂದರೆ ಟಿಕ್ಕು ತಿಳಿಯದೆ ಅವರು ಯಾರ ಬೈಕನ್ನೂ ಮುಟ್ಟುತ್ತಿರಲಿಲ್ಲ. ಮಗಳ ಬೈಕಿಗೆ ಮಾತ್ರ ನಾನು ಕೆಳಗಿಳಿದು ಸ್ಕ್ರೂಡ್ರೈವರು ಹಿಡಿಯುತ್ತಿದ್ದೆ. ಸೂಜಿ ಹಿಡಿದ ಬೆರಳಲ್ಲವೇ, ಅದಕ್ಕೆ ಬೇಗ ತಿಳಿಯಿತು. ಅವರು ಪಕ್ಕದಲ್ಲಿ ಕೂತು ಎಣಿಸುತ್ತಿದ್ದರು.

"ಬಂತಾ?"

"ಬಂತು."

"ಒಂದು. ಬಂತಾ?"

"ತಡೀರಿ... ಬಂತು."

"ಎರಡು."

ಹೀಗೆ ಹದಿನಾಲ್ಕರವರೆಗೆ, ಇಬ್ಬರೂ ಒಂದೇ ತಿರುಪಿನ ಮೇಲೆ ತಲೆ ಬಗ್ಗಿಸಿ. ನನ್ನ ಬಾಳಿನಲ್ಲಿ ಅಷ್ಟು ಹತ್ತಿರದಿಂದ ನಾನು ಇನ್ನೊಬ್ಬರ ಉಸಿರು ಕೇಳಿದ್ದು ಕಡಿಮೆ. ಒಂದೆರಡು ಸಲ, ಒಂಬತ್ತರಲ್ಲಿ, ಬೇಕೆಂದೇ "ಅಯ್ಯೋ ತಪ್ಪಿತು" ಎಂದಿದ್ದೇನೆ. ಮತ್ತೆ ಮೊದಲಿಂದ.

ಕಾರ್ಡು ಬರೆಯುವುದೂ ನನ್ನ ಪಾಲಿಗೆ ಬಂತು. ನನ್ನ ಅಕ್ಷರ ಕೋಳಿಕಾಲಿನದು. ನಾಲ್ಕನೆಯ ಇಯತ್ತೆಗೇ ನಿಂತದ್ದು. ಅವರು ಹೇಳಿದ ಸಂಖ್ಯೆಗಳನ್ನಷ್ಟೇ ಬರೆಯುತ್ತಿದ್ದೆ. ಒಂದು ಭಾನುವಾರ ಕಾರ್ಡು ಹಿಡಿದು ಅಂಚೆ ಡಬ್ಬಿಯ ಮುಂದೆ ನಿಂತೆ. ಹಾಕಲಾಗಲಿಲ್ಲ. ಅವಳು ಬಂದರೆ ನನ್ನ ಭಾನುವಾರಗಳು ಮುಗಿದವು. ಬರದೆ ಇದ್ದರೆ ಆ ಮನುಷ್ಯ ಕಾದೇ ಮುಗಿಯುತ್ತಾನೆ. ಎಷ್ಟು ಹೊತ್ತು ನಿಂತೆನೋ! ವೆಲ್ಡರನ ಹೆಂಡತಿ, "ಏನ್ರೀ, ಡಬ್ಬಿಗೆ ಕಾವಲಾ?" ಎಂದಳು. ಅಂಗಡಿಯೊಳಕ್ಕೆ ಹೋಗಿ, ಸಂಖ್ಯೆಗಳ ಕೆಳಗೆ ಒಂದು ಸಾಲು ಸೇರಿಸಿದೆ: 'ಅಪ್ಪನ ಬೆರಳಿಗೆ ಟಿಕ್ಕು ತಿಳಿಯುವುದಿಲ್ಲ. ಇದನ್ನು ಎಣಿಸಿದ್ದು ನಾನು, ಟೈಲರು.' ಹೇಳದೆ ಮಾಡಿದೆ. ಅವರಿಗೆ ತಿಳಿದರೆ ಏನೆಂದಾರೋ ಎಂಬ ಭಯ ಇತ್ತು. ಆದರೂ ಹಾಕಿ ಬಂದೆ.

ಮುಂದಿನ ತಿಂಗಳ ಭಾನುವಾರವೇ ಮಗಳು ಬಂದಳು. ಹನ್ನೊಂದು ದಿನ ಇದ್ದಳು. ಗ್ಯಾರೇಜನ್ನು ಖಾಲಿ ಮಾಡಿ, ಬೈಕನ್ನು ಲಾರಿಗೆ ಹೇರಿಸಿ, ಅಪ್ಪನನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಚಳಿಗಾಲ ಕಳೆದು ಮೇಸ್ತ್ರಿ ತೀರಿಕೊಂಡರಂತೆ. ಅವಳೇ ಫೋನು ಮಾಡಿ ಹೇಳಿದಳು.

ಅಂಥ ಮನುಷ್ಯರ ಬಗ್ಗೆ ಈಗ ಯೋಚಿಸುತ್ತೇನೆ. ಮಾತಿನಲ್ಲಿ ಪ್ರೀತಿ ತೋರಿಸಲು ಬರದವರು ಲೋಕದಲ್ಲಿ ಬಹಳ. ಅವರು ಕೈಯಲ್ಲಿ ತೋರಿಸುತ್ತಾರೆ, ಮತ್ತು ಕೈ ಕೆಲವೊಮ್ಮೆ ಮಾತಿಗಿಂತ ಮುಂದೆ ಓಡಿ, ಯಾರಿಗಾಗಿ ಮಾಡುತ್ತಿದೆಯೋ ಅವರನ್ನು ಕೇಳುವುದನ್ನೇ ಮರೆಯುತ್ತದೆ. ಮರೆತದ್ದಕ್ಕೆ ಶಿಕ್ಷೆಯನ್ನೂ ಅವರೇ ಕೊಟ್ಟುಕೊಳ್ಳುತ್ತಾರೆ, ಅದೇ ಕೆಲಸವನ್ನು ಮತ್ತೆ ಮತ್ತೆ, ಇನ್ನೂ ಸರಿಯಾಗಿ, ಇಲ್ಲದವರಿಗಾಗಿ ಮಾಡುತ್ತ. ಅವರ ಪಕ್ಕದಲ್ಲಿ ಬದುಕುವವರಿಗೆ ಸಿಗುವುದು ಆ ಇಲ್ಲದವರ ಜಾಗ. ಅದೇನು ಸಣ್ಣ ಜಾಗವಲ್ಲ. ನಾನು ಹನ್ನೊಂದು ವರ್ಷ ಕೂತು ನೋಡಿದ್ದೇನೆ. ಕೂತವರ ಸ್ವಂತದ್ದಲ್ಲ, ಅಷ್ಟೇ.

ಆ ಭಾನುವಾರ ನಾನು ಹೆಲ್ಮೆಟ್ಟು ಹಾಕಿಕೊಂಡು, ಮರಳುಚೀಲವನ್ನು ಮುಂದಿಟ್ಟುಕೊಂಡು, ಮೂರು ಸಲ ಕುಲುಕಿ ಸುಮ್ಮನಾಗಿದ್ದೆ. ಮೇಸ್ತ್ರಿ ಹಿಂದುಗಡೆ ಮಂಡಿಯೂರಿದ್ದರು. ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ನಿಂತರು. ನಲವತ್ತರ ಹತ್ತಿರದ ಹೆಂಗಸು; ಒಂದು ಭುಜ ಸ್ವಲ್ಪ ಇಳಿದಿತ್ತು; ಕೈಯಲ್ಲಿ ಒಂದು ಕಾರ್ಡು. ತನ್ನ ಬೈಕಿನ ಮೇಲೆ ತನ್ನದೇ ಹೆಲ್ಮೆಟ್ಟು ಹಾಕಿ ಕೂತ ಮುದುಕಿಯನ್ನು ಅವಳು ನೋಡುತ್ತಲೇ ಇದ್ದಳು.

"ಟೈಲರು ಅಂದರೆ ನೀವೇನಾ?"

ನಾನು ಹೂಂ ಎಂದೆ. ಹೆಲ್ಮೆಟ್ಟಿನೊಳಗೇ ಉಳಿಯಿತು ಆ ಹೂಂ.

"ಅಪ್ಪಾ" ಎಂದಳು ಅವಳು. "ಬಳೆ ನೋಡಬಹುದಾ?"

"ನೋಡು" ಎಂದರು. ಅವಳು ಅವರ ಪಕ್ಕದಲ್ಲೇ ಮಂಡಿಯೂರಿ ನೋಡಿದಳು. ಬೆರಳಿನಿಂದ ಗೆರೆಗಳನ್ನು ಸವರಿದಳು. ಆಮೇಲೆ ಕಾರ್ಡನ್ನು ಅವರ ಮುಂದೆ ಹಿಡಿದಳು. ಮೇಸ್ತ್ರಿ ನನ್ನ ಕೋಳಿಕಾಲನ್ನು ಓದಿದರು, ಕೊನೆಯ ಸಾಲಿನವರೆಗೂ. ತಲೆಯೆತ್ತಿ ನನ್ನನ್ನು ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. ಎದ್ದು, ಆ ತಮ್ಮ ನಡಿಗೆಯಲ್ಲಿ ಬೈಕನ್ನು ಸುತ್ತಿ ನನ್ನ ಬಳಿ ಬಂದು, ಕೈ ಚಾಚಿದರು.

"ಇರ್ಲಿ ಬಿಡಪ್ಪಾ, ಅವರು ಕೂತಿರಲಿ" ಎಂದಳು ಮಗಳು.

"ಇಲ್ಲ" ಎಂದರು ಅವರು. ಆಮೇಲೆ ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, "ಸ್ವಲ್ಪ ಇಳೀತೀರಾ, ಟೈಲರಮ್ಮ?"

ಅದಾದ ಮೇಲೆ ಆ ಹನ್ನೊಂದು ದಿನದಲ್ಲಾಗಲಿ, ಹೊರಟ ಬೆಳಗಿನಲ್ಲಾಗಲಿ ಅವರು ನನ್ನನ್ನು ಏನನ್ನೂ ಕೇಳಲಿಲ್ಲ. ನಾನು ಅವರ ಕೈ ಹಿಡಿದೆ. ಆ ಕೈಗೆ ನನ್ನ ಕೈ ತಿಳಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಇಳಿದೆ.